ಆಲ್ಬೆರ್ ಕಮೂ ಬರೆದ ‘ಮೊದಲ ಮನುಷ್ಯ’

ಯುದ್ಧವನ್ನು ವಸ್ತುವಾಗುಳ್ಳ ಕಥಾಗ್ರಂಥಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ರಣರಂಗದ ನಡುವೆ ನಿಂತು ಅಲ್ಲಿ ನಡೆದುದನ್ನು ವರ್ಣಿಸುವುದು ಒಂದು ಬಗೆ. ರಣರಂಗಕ್ಕೆ ನೂರಾರು ಹರದಾರಿ ದೂರದಲ್ಲಿ, ಯುದ್ಧದ ಕಾರಣವನ್ನಾಗಲಿ ಗತಿಯನ್ನಾಗಲಿ ಅರಿಯದೆ, ಅದರ ಫಲವನ್ನು ಮಾತ್ರ ಉಂಡ ಮನೆಯೊಂದರ ಕಥೆಯನ್ನು ಹೇಳುವುದು ಇನ್ನೊಂದು ಬಗೆ. ಫ್ರೆಂಚ್ ಸಾಹಿತ್ಯದಲ್ಲಿ ಮೊದಲನೆಯ ಬಗೆಗೆ ಕೊರತೆಯಿಲ್ಲ. 1870ರ ಸೋಲನ್ನು ಕುರಿತು ಎಮಿಲ್ ಜೋಲಾ 1892ರಲ್ಲಿ ಪ್ರಕಟಿಸಿದ ಬೃಹತ್ ಕಾದಂಬರಿಯೂ, 1914ರ ಮಹಾಯುದ್ಧದ ಕಂದಕಗಳಲ್ಲಿ ಇದ್ದು ಬಂದ ಆನ್ರಿ ಬಾರ್ಬ್ಯೂಸ್, ರೋಲಾಂ ದೋರ್ಜೆಲೆ ಎಂಬವರ ಗ್ರಂಥಗಳೂ ಲೋಕಪ್ರಸಿದ್ಧವಾಗಿವೆ. ಎರಡನೆಯ ಬಗೆಯವು ಅಷ್ಟು ಹೇರಳವಾಗಿಲ್ಲ. ಆಲ್ಬೆರ್ ಕಮೂ ಬರೆಯುತ್ತಿದ್ದಂತೆಯೇ ಅರ್ಧದಲ್ಲಿ ನಿಂತುಹೋದ ‘ಮೊದಲ ಮನುಷ್ಯ’ ಎಂಬ ಕಾದಂಬರಿಯು ಈ ಎರಡನೆಯ ಬಗೆಗೆ ಸೇರಿದುದು. ತಲೆಮಾರು ತಲೆಮಾರಿಗೂ ಒಂದೊಂದು ಯುದ್ಧವನ್ನು ಕಂಡ ಬಡ ಫ್ರೆಂಚ್ ಕುಟುಂಬವೊಂದಕ್ಕೆ ಆ ಯುದ್ಧಗಳು ಏನನ್ನು ಉಳಿಸಿಕೊಟ್ಟವು ಎಂಬ ಒಂದೇ ಪ್ರಶ್ನೆಯನ್ನು ಈ ಗ್ರಂಥವು ಕೇಳುತ್ತದೆ. ಅದಕ್ಕೆ ದೊರೆತ ಉತ್ತರವೇನೆಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಗ್ರಂಥವು ಲೋಕದ ಕಣ್ಣಿಗೆ ಬಿದ್ದ ಬಗೆಯನ್ನು ಮೊದಲು ತಿಳಿದಿರುವುದು ಅವಶ್ಯಕ. ಕಮೂ 1913ನೆಯ ನವೆಂಬರ್ 7ರಂದು ಅಲ್ಜೀರಿಯಾ ದೇಶದ ಪೂರ್ವಭಾಗದಲ್ಲಿರುವ ಮೊಂದೊವಿ ಎಂಬ ಊರಿನಲ್ಲಿ ಹುಟ್ಟಿದನು. ಆ ದೇಶವು ಆಗ ಫ್ರಾನ್ಸಿನ ಆಳ್ವಿಕೆಗೆ ಒಳಪಟ್ಟಿತ್ತು. 1957ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. 1960ನೆಯ ಜನವರಿ 4ರಂದು ಫ್ರಾನ್ಸಿನ ವಿಲ್‌ಬ್ಲೆವಾಂ ಎಂಬ ಊರಿನ ಬಳಿ ಮೋಟಾರು ಅಪಘಾತದಲ್ಲಿ ಆತನು ಮಡಿದಾಗ, ಜೊತೆಯಲ್ಲಿದ್ದ ಚೀಲದೊಳಗೆ 144 ಪುಟಗಳ ಹಸ್ತಪ್ರತಿಯೊಂದು ದೊರೆಯಿತು. ಅಲ್ಲಲ್ಲಿ ವಿರಾಮಚಿಹ್ನೆಗಳಿಲ್ಲದ, ಅವಸರದ ಬರವಣಿಗೆ ಅದು. ಮಗಳಾದ ಕ್ಯಾತೆರೀನ್ ಕಮೂ ಅದನ್ನು ಸಿದ್ಧಪಡಿಸಿ 1994ರಲ್ಲಿ ಗಾಲಿಮಾರ್ ಪ್ರಕಾಶನದ ಮೂಲಕ ಹೊರತಂದಳು. ಹಸ್ತಪ್ರತಿಯ ತಿದ್ದುಪಡಿಯಾಗದ ಸ್ಥಿತಿಯನ್ನು ಮುದ್ರಣದಲ್ಲಿ ಮರೆಮಾಡಿಲ್ಲ. ಮೊದಲ ಅಧ್ಯಾಯದಲ್ಲಿ ಲ್ಯೂಸಿ ಎಂದಿದ್ದ ತಾಯಿಯ ಹೆಸರು ಮುಂದೆ ಕ್ಯಾತೆರೀನ್ ಎಂದಾಗುತ್ತದೆ; ಸೋದರಮಾವನು ಒಮ್ಮೆ ಅರ್ನೆಸ್ಟ್ ಆಗಿಯೂ ಒಮ್ಮೆ ಎತಿಯೆನ್ ಆಗಿಯೂ ಕಾಣಿಸಿಕೊಳ್ಳುತ್ತಾನೆ. ಕಥಾನಾಯಕನಿಗೆ ಜಾಕ್ ಕೊರ್ಮೆರಿ ಎಂಬ ಹೆಸರಿದ್ದರೂ ಅವನ ಚರಿತ್ರೆಯು ಬಹುಮಟ್ಟಿಗೆ ಗ್ರಂಥಕರ್ತನದೇ.

ಕಥೆಯ ಹಿಂದೆ ನಿಂತಿರುವ ಯುದ್ಧಗಳು ಒಂದೆರಡಲ್ಲ. 1830ರಲ್ಲಿ ಫ್ರೆಂಚ್ ಸೇನೆಯು ಆಲ್ಜಿಯರ್ಸ್ ನಗರವನ್ನು ಹಿಡಿಯಿತು. 1848ರ ಕ್ರಾಂತಿಯ ಬಳಿಕ ಪ್ಯಾರಿಸಿನಲ್ಲಿ ಕೆಲಸವಿಲ್ಲದೆ ಇದ್ದ ಜನರಿಗೆ ಭೂಮಿಯ ಆಸೆಯನ್ನು ತೋರಿಸಿ ಸರಕಾರವು ಅವರನ್ನು ಹಡಗುಗಳಲ್ಲಿ ಅಲ್ಜೀರಿಯಾಕ್ಕೆ ಸಾಗಿಸಿತು. 1870–71ರ ಯುದ್ಧದಲ್ಲಿ ಫ್ರಾನ್ಸ್ ಸೋತು ಆಲ್ಸೇಸ್ ಪ್ರಾಂತವು ಜರ್ಮನಿಯ ಪಾಲಾದಾಗ, ಜರ್ಮನಿಯ ಪ್ರಜೆಗಳಾಗಲು ಒಪ್ಪದವರಲ್ಲಿ ಕೆಲವರು ಅದೇ ದೇಶಕ್ಕೆ ವಲಸೆ ಬಂದರು. ಆ 1871ರಲ್ಲಿಯೇ ಮೊಕ್ರಾನಿ ಎಂಬ ನಾಯಕನ ಹಿಂದೆ ಅಲ್ಜೀರಿಯಾದ ಜನ ದಂಗೆಯೆದ್ದು ಸೋತರು. ಅವರ ಭೂಮಿಯು ಮುಟ್ಟುಗೋಲಾಯಿತು. ಬಳಿಕ ಮೊರಾಕ್ಕೋ ದೇಶದ ಕಾಳಗಗಳು, 1914ರ ಮಹಾಯುದ್ಧ, 1939ರ ಮಹಾಯುದ್ಧ, ಕೊನೆಗೆ 1954ನೆಯ ನವೆಂಬರ್ 1ರಂದು ಮೊದಲಾಗಿ 1962ರಲ್ಲಿ ಅಲ್ಜೀರಿಯಾದ ಸ್ವಾತಂತ್ರ್ಯದೊಡನೆ ಮುಗಿದ ಯುದ್ಧ. ವಲಸೆಗಾರರ ಊರುಗಳ ಹೆಸರುಗಳು ಸಹ ಯುದ್ಧಗಳ ಹೆಸರುಗಳೇ. ಮೊಂದೊವಿ ಎಂಬುದು 1796ರಲ್ಲಿ ನೆಪೋಲಿಯನ್ ಇಟಲಿಯಲ್ಲಿ ಗೆದ್ದ ಕಾಳಗದ ಸ್ಥಳ. ಕಾದಂಬರಿಯ ಆರಂಭದಲ್ಲಿ ಬರುವ ಸೊಲ್ಫೆರಿನೊ ಎಂಬ ಹಳ್ಳಿಯ ಹೆಸರು 1859ರ ಕಾಳಗದ್ದು. ಮಗುವು ಹುಟ್ಟುವ ಮೊದಲೇ ಅದರ ಜನ್ಮಭೂಮಿಗೆ ಯುದ್ಧವು ಹೆಸರಿಟ್ಟಿತ್ತು.

ಆ ಆರಂಭವು ಮನೋಹರವಾದುದು. 1913ರ ಶರತ್ಕಾಲದ ಒಂದು ರಾತ್ರಿ, ಸುರಿಯುವ ಮಳೆಯಲ್ಲಿ, ಕುದುರೆಗಾಡಿಯೊಂದು ಕಲ್ಲುದಾರಿಯ ಮೇಲೆ ಸಾಗುತ್ತಿದೆ. ಗಾಡಿಯಲ್ಲಿ ಪೂರ್ಣಗರ್ಭಿಣಿಯಾದ ಹೆಂಗಸು, ಆಕೆಯ ಗಂಡ ಆನ್ರಿ ಕೊರ್ಮೆರಿ, ಚಿಕ್ಕ ಮಗ. ದ್ರಾಕ್ಷಿಯ ತೋಟವೊಂದರ ಮೇಲ್ವಿಚಾರಣೆಗೆ ಹೊರಟ ಸಂಸಾರವದು. ಮನೆಯನ್ನು ಮುಟ್ಟುತ್ತಲೇ ಮಗುವು ಹುಟ್ಟುತ್ತದೆ. ತಂದೆಯೂ ಮುದುಕನಾದ ಅರಬನೊಬ್ಬನೂ ಒಂದೇ ಗೋಣಿಚೀಲವನ್ನು ತಲೆಯ ಮೇಲೆ ಹೊದ್ದು, ಭುಜಕ್ಕೆ ಭುಜವನ್ನು ಒತ್ತಿ, ಮಳೆಯಲ್ಲಿ ನಿಲ್ಲುತ್ತಾರೆ. ಗ್ರಂಥದಲ್ಲಿ ಮುಂದೆ ಬರುವ ಎಲ್ಲ ದ್ವೇಷದ ಎದುರಿಗೆ ಓದುಗನು ಈ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಮುಂದಿನ ಅಧ್ಯಾಯಕ್ಕೆ ನಲವತ್ತು ವರ್ಷಗಳು ಕಳೆದಿವೆ. ಅಂದು ಹುಟ್ಟಿದ ಮಗುವು ಈಗ ನಲವತ್ತರ ಗಂಡಸು. ಫ್ರಾನ್ಸಿನ ಸಾಂ ಬ್ರಿಯೂ ಎಂಬ ಊರಿಗೆ ಹಳೆಯ ಹಿತೈಷಿಯೊಬ್ಬನನ್ನು ಕಾಣಲು ಹೋದವನು, ತಾಯಿಯು ಹಿಂದೆ ಹೇಳಿದ್ದ ಮಾತನ್ನು ನೆನೆದು, ಅಲ್ಲಿಯ ಸೈನಿಕರ ಸ್ಮಶಾನಕ್ಕೆ ಹೋಗುತ್ತಾನೆ. ಅವನ ತಂದೆಯು 1914ರಲ್ಲಿ ಜುವಾವ್ ದಳದ ಸಿಪಾಯಿಯಾಗಿ ಮಾರ್ನ್ ನದಿಯ ಕಾಳಗದಲ್ಲಿ ಗಾಯಗೊಂಡು, ಆ ಊರಿನ ಆಸ್ಪತ್ರೆಯಲ್ಲಿ ಅಕ್ಟೋಬರ್ 11ರಂದು ಸತ್ತಿದ್ದನು. ಮಗನಿಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಕಾಣದ ತಂದೆಯ ವಿಷಯದಲ್ಲಿ ಅವನಿಗೆ ಭಕ್ತಿಯೂ ಇಲ್ಲ, ದುಃಖವೂ ಇಲ್ಲ. ಕಲ್ಲಿನ ಮೇಲೆ ಕೆತ್ತಿದ ಎರಡು ವರ್ಷಗಳನ್ನು ಯಾಂತ್ರಿಕವಾಗಿ ಓದಿ ಕಳೆದು ನೋಡಿದಾಗ ಇಪ್ಪತ್ತೊಂಬತ್ತು ಎಂಬ ಸಂಖ್ಯೆ ಬರುತ್ತದೆ. ಮಣ್ಣಿನೊಳಗೆ ಮಲಗಿರುವ ತಂದೆಯು ಮೇಲೆ ನಿಂತಿರುವ ಮಗನಿಗಿಂತ ಕಿರಿಯನು! ಸುತ್ತಲಿನ ಕಲ್ಲುಗಳೂ ಹಾಗೆಯೇ. ತಲೆನರೆತ ಮಕ್ಕಳಿಗೆ ತಂದೆಗಳಾದ ತರುಣರ ಕಲ್ಲುಗಳು. ಆ ಕ್ಷಣದಲ್ಲಿ ಅವನಲ್ಲಿ ಹುಟ್ಟುವುದು ಪುತ್ರಶೋಕವನ್ನು ಹೋಲುವ ಒಂದು ಕನಿಕರ. ಹಿರಿಯನು ಮುಂದೆ, ಕಿರಿಯನು ಹಿಂದೆ ಎಂಬ ನಿಸರ್ಗದ ಕ್ರಮವನ್ನೇ ಯುದ್ಧವು ತಲೆಕೆಳಗು ಮಾಡಿದೆ. ಈ ಅಧ್ಯಾಯದಲ್ಲಿ ಕಮೂ ಒಂದು ಗುಂಡಿನ ಶಬ್ದವನ್ನೂ ಕೇಳಿಸುವುದಿಲ್ಲ. ಒಂದು ಸಣ್ಣ ವ್ಯವಕಲನದಿಂದ ಅವನು ಸಾಧಿಸಿದ ಪರಿಣಾಮವನ್ನು ನೂರು ಪುಟಗಳ ರಣವರ್ಣನೆಯು ಸಾಧಿಸಲಾರದು.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕರುಣರಸಕ್ಕೆ ಶೋಕವು ಸ್ಥಾಯಿ. ಆ ಶೋಕಕ್ಕೆ ಇಷ್ಟನಾಶವು ಕಾರಣ. ಆದರೆ ಇಲ್ಲಿ ಕಳೆದುಕೊಂಡವನಿಗೆ ತಾನು ಏನನ್ನು ಕಳೆದುಕೊಂಡೆನೆಂಬುದೇ ಗೊತ್ತಿಲ್ಲ. ಮುಖವನ್ನೇ ನೋಡದ ತಂದೆಯನ್ನು ಇಷ್ಟನೆಂದು ಕರೆಯುವುದು ಹೇಗೆ? ಶೋಕಿಸಲು ಬೇಕಾದ ನೆನಪನ್ನು ಸಹ ಯುದ್ಧವು ಕಸಿದುಕೊಂಡಿದೆ. ಗ್ರಂಥದ ಮೊದಲ ಭಾಗಕ್ಕೆ ‘ತಂದೆಯ ಅನ್ವೇಷಣೆ’ ಎಂದು ಹೆಸರಿಟ್ಟಿರುವುದು ಈ ಕಾರಣದಿಂದಲೇ. ಮಗನು ಹುಡುಕುವುದು ತಂದೆಯನ್ನು ಮಾತ್ರವಲ್ಲ, ತಂದೆಗಾಗಿ ಅಳುವ ತನ್ನ ಹಕ್ಕನ್ನೂ ಹುಡುಕುತ್ತಾನೆ.

ಈ ಹುಡುಕಾಟದಲ್ಲಿ ಅವನು ಮೊದಲು ಕೇಳುವುದು ತಾಯಿಯನ್ನು. ಆಲ್ಜಿಯರ್ಸಿನ ಬಡವರ ಬೀದಿಯಲ್ಲಿ, ಸ್ಪೇನಿನ ಮಿನೋರ್ಕಾ ದ್ವೀಪದ ಮೂಲದವಳಾದ ಅಜ್ಜಿಯ ಆಳ್ವಿಕೆಯ ಕೆಳಗೆ, ಪರರ ಮನೆಗಳನ್ನು ತೊಳೆದು ಬಟ್ಟೆಗಳನ್ನು ಒಗೆದು ಮಕ್ಕಳನ್ನು ಸಾಕಿದ ಹೆಂಗಸು ಆಕೆ. ಕಿವಿ ಮಂದ, ಮಾತು ತಡೆತಡೆದು ಬರುವುದು, ಓದುಬರಹವಿಲ್ಲ. ತನ್ನ ಗಂಡನನ್ನು ಕೊಂದ ಯುದ್ಧಕ್ಕೆ ನೆಪವಾದ ಸರ್ಬಿಯ ದೇಶದ ಹೆಸರನ್ನೇ ಆಕೆ ಕೇಳಿರಲಿಲ್ಲ. ಫ್ರಾನ್ಸ್ ಎಂಬುದು ಕಡಲಿನಾಚೆ ಎಲ್ಲಿಯೋ ಮಸುಕಾಗಿ ಇದ್ದ ಪ್ರದೇಶ. ಮರಣವಾರ್ತೆಯ ಲಕೋಟೆಯು ಮನೆಗೆ ಬಂದಾಗ ಅದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ತಂದವನೇ ಓದಿ ಹೇಳಬೇಕಾಯಿತು. ಆಕೆಯು ಆ ಕಾಗದವನ್ನು ಕೈಯಲ್ಲಿ ಹಿಡಿದು, ತನ್ನ ಕೋಣೆಗೆ ಹೋಗಿ, ಕಣ್ಣೀರಿಲ್ಲದೆ, ಮಾತಿಲ್ಲದೆ, ಬಹುಹೊತ್ತು ಮಲಗಿಬಿಟ್ಟಳು. ಬಳಿಕ ಆಸ್ಪತ್ರೆಯವರು ಶವದಿಂದ ತೆಗೆದ ಗುಂಡಿನ ಚೂರೊಂದನ್ನು ಆಕೆಗೆ ಕಳುಹಿಸಿದರು. ಗಂಡನು ರಣರಂಗದಿಂದ ಬರೆದಿದ್ದ ಕೆಲವು ಚುಟುಕು ಕಾರ್ಡುಗಳೊಡನೆ ಆ ಚೂರನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಬಟ್ಟೆಯ ಬೀರುವಿನಲ್ಲಿ ಟವಲುಗಳ ಹಿಂದೆ ಇಟ್ಟಳು.

ಭಾರತದ ಸ್ತ್ರೀಪರ್ವವನ್ನು ಓದಿದವರಿಗೆ ಈ ಸನ್ನಿವೇಶವು ಇನ್ನೊಬ್ಬ ತಾಯಿಯನ್ನು ನೆನಪಿಗೆ ತಾರದೆ ಇರದು. ಗಾಂಧಾರಿಯು ದಿವ್ಯದೃಷ್ಟಿಯಿಂದ ಇಡೀ ಕುರುಕ್ಷೇತ್ರವನ್ನು ಕಾಣುತ್ತಾಳೆ. ಮಡಿದವರನ್ನು ಒಬ್ಬೊಬ್ಬರನ್ನಾಗಿ ಹೆಸರಿಸಿ ಅಳುತ್ತಾಳೆ. ಕೃಷ್ಣನನ್ನೇ ಎದುರಿಗೆ ನಿಲ್ಲಿಸಿ ಶಪಿಸುತ್ತಾಳೆ. ಆಕೆಯ ದುಃಖಕ್ಕೆ ಮಾತಿದೆ, ಆ ಮಾತನ್ನು ಕೇಳುವವರಿದ್ದಾರೆ. ಕ್ಯಾತೆರೀನ್ ಕೊರ್ಮೆರಿಗೆ ಆ ಭಾಗ್ಯವೂ ಇಲ್ಲ. ಗಂಡನು ಬಿದ್ದ ನೆಲವನ್ನು ಆಕೆ ಕಂಡವಳಲ್ಲ, ಊಹಿಸಿಕೊಳ್ಳಲೂ ಆರಳು; ಗೋರಿಯನ್ನು ನೋಡಿದವಳಲ್ಲ; ಯಾರನ್ನು ಶಪಿಸಬೇಕೆಂಬುದನ್ನು ತಿಳಿದವಳಲ್ಲ. ರಾಜಮಾತೆಯ ಶೋಕಕ್ಕೂ ಬಡವಿಯ ಶೋಕಕ್ಕೂ ಇರುವ ಈ ಅಂತರವನ್ನು ಕಮೂ ಬಲ್ಲನು. ಆದುದರಿಂದಲೇ ಆತನು ಆಕೆಯ ಬಾಯಲ್ಲಿ ಒಂದು ವಿಲಾಪವನ್ನೂ ಇಡುವುದಿಲ್ಲ. ಮಗನು ಕೇಳಿದ ಪ್ರಶ್ನೆಗಳಿಗೆ ಆಕೆಯ ಉತ್ತರವು ಒಂದೆರಡು ಮಾತುಗಳನ್ನು ಮೀರುವುದಿಲ್ಲ. ಗ್ರಂಥವನ್ನು ಅದನ್ನು ಎಂದೂ ಓದಲಾರದ ತಾಯಿಗೆ ಆತನು ಅರ್ಪಿಸಿದ್ದಾನೆ. ಆ ಅರ್ಪಣೆಯಲ್ಲಿ ಆಕೆಯನ್ನು ‘ವಿಧವೆ ಕಮೂ’ ಎಂದೇ ಕರೆದಿರುವುದು ಗಮನಾರ್ಹ. ಯುದ್ಧವು ಕೊಟ್ಟ ಹೆಸರೇ ಆಕೆಗೆ ಉಳಿದ ಹೆಸರಾಯಿತು.

ಬಡತನಕ್ಕೂ ಮರೆವಿಗೂ ಇರುವ ಸಂಬಂಧವನ್ನು ಈ ಕಾದಂಬರಿಯಷ್ಟು ಸೂಕ್ಷ್ಮವಾಗಿ ನಿರೂಪಿಸಿದ ಗ್ರಂಥಗಳು ವಿರಳ. ಧನಿಕರ ಮನೆಯಲ್ಲಿ ಚಿತ್ರಪಟಗಳಿರುತ್ತವೆ, ಪತ್ರಗಳಿರುತ್ತವೆ, ಹಿರಿಯರ ಹೆಸರು ಹೊತ್ತ ವಸ್ತುಗಳಿರುತ್ತವೆ, ನೆನಪಿಗೆ ಆಧಾರವುಂಟು. ದಿನದ ದುಡಿಮೆಯಲ್ಲಿ ಸವೆಯುವವರಿಗೆ ಹಿಂದಣ ವರ್ಷವು ಇಂದಿನಂತೆಯೇ ಇದ್ದುದರಿಂದ ನೆನಪು ಹಿಡಿದು ನಿಲ್ಲಲು ಎಡೆಯಿಲ್ಲ. ಒಮ್ಮೆ ಹುಡುಗ ಜಾಕ್ ಕಾಲ್ಚೆಂಡಿನ ಪಂದ್ಯವನ್ನು ನೋಡುವ ಆಸೆಯಿಂದ ಎರಡು ಫ್ರಾಂಕಿನ ನಾಣ್ಯವನ್ನು ಬಚ್ಚಿಟ್ಟು, ಅದು ಪಾಯಿಖಾನೆಯ ಗುಂಡಿಯಲ್ಲಿ ಬಿತ್ತೆಂದು ಸುಳ್ಳು ಹೇಳುತ್ತಾನೆ. ಅಜ್ಜಿಯು ತೋಳನ್ನು ಮಡಿಸಿಕೊಂಡು ಆ ಹೊಲಸಿನಲ್ಲಿಯೇ ಕೈಯಾಡಿಸಿ ಹುಡುಕುತ್ತಾಳೆ. ಅದು ಜಿಪುಣತನವಲ್ಲ, ಎರಡು ಫ್ರಾಂಕ್ ಆ ಮನೆಗೆ ನಿಜವಾಗಿ ಬೇಕಾಗಿದ್ದಿತೆಂಬ ಅರಿವಿನಿಂದ ಹುಡುಗನಿಗೆ ಉಂಟಾದ ನಾಚಿಕೆಯು ಓದುಗನನ್ನೂ ಮುಟ್ಟುತ್ತದೆ. 1914ರಲ್ಲಿ ಮಾರ್ನ್ ನದಿಯ ದಡದಲ್ಲಿ ಸಿಡಿದ ಗುಂಡು ಹತ್ತಾರು ವರ್ಷಗಳ ಮೇಲೆ ಆಲ್ಜಿಯರ್ಸಿನ ಒಂದು ಪಾಯಿಖಾನೆಯಲ್ಲಿ ಬಂದು ಮುಟ್ಟಿದುದು ಹೀಗೆ.

ಈ ಮರೆವಿಗೆ ಗ್ರಂಥಕರ್ತನೇ ಅರಿಯದ ಒಂದು ನಿದರ್ಶನವೂ ಉಂಟು. ಕಾದಂಬರಿಯಲ್ಲಿ ತಂದೆಯ ವಂಶವು 1871ರಲ್ಲಿ ಜರ್ಮನರಿಂದ ತಪ್ಪಿಸಿಕೊಂಡು ಬಂದ ಆಲ್ಸೇಸಿನವರದು. ಕಮೂ ತನ್ನ ವಂಶದ ವಿಷಯದಲ್ಲಿಯೂ ಹಾಗೆಯೇ ನಂಬಿದ್ದನು. ಆತನ ಜೀವನಚರಿತ್ರೆಯನ್ನು ಬರೆದವರು ದಾಖಲೆಗಳನ್ನು ಶೋಧಿಸಿದಾಗ ಪೂರ್ವಿಕರು ಬೋರ್ಡೊ ಕಡೆಯವರೆಂದು ತಿಳಿಯಿತು. ಬಡ ಕುಟುಂಬವೊಂದು ತಾನು ಯಾವ ಯುದ್ಧದಿಂದ ಓಡಿಬಂದೆನೆಂಬುದನ್ನು ಸಹ ಸರಿಯಾಗಿ ಬಲ್ಲುದಲ್ಲ. ತಲೆಮಾರು ತಲೆಮಾರಿಗೂ ಹಿಂದಿನದು ಅಳಿಸಿಹೋಗಿ, ಪ್ರತಿಯೊಬ್ಬ ಮಗನೂ ತಂದೆಯಿಲ್ಲದೆ, ಪರಂಪರೆಯಿಲ್ಲದೆ, ತನ್ನಿಂದಲೇ ತಾನು ಮೊದಲಾಗಬೇಕು. ‘ಮೊದಲ ಮನುಷ್ಯ’ ಎಂಬ ಹೆಸರಿನಲ್ಲಿ ಹೆಮ್ಮೆಯನ್ನು ಕಾಣುವವರು ಈ ಅರ್ಥವನ್ನು ಗಮನಿಸಬೇಕು.

ಹಾಗಾದರೆ ಈ ಮಗನಿಗೆ ಏನೂ ದೊರೆಯಲಿಲ್ಲವೆ? ಎರಡು ವಸ್ತುಗಳು ದೊರೆತವು ಎಂಬುದು ಗ್ರಂಥದ ಸಾರ. ಒಂದು, ಗುರುವಿನ ಕೈಯಿಂದ ಬಂದುದು. ಬೆರ್ನಾರ್ ಎಂಬ ಶಾಲೆಯ ಮೇಷ್ಟ್ರು ಆ ಯುದ್ಧದಲ್ಲಿ ಕಾದಾಡಿ ಬದುಕಿ ಬಂದವನು. ಸತ್ತ ಸಂಗಾತಿಗಳ ಮಕ್ಕಳಿಗೆ ತಂದೆಯ ಸ್ಥಾನದಲ್ಲಿ ನಿಲ್ಲುವುದು ಬದುಕಿ ಉಳಿದವನ ಕರ್ತವ್ಯವೆಂದು ಅವನು ಬಗೆದಿದ್ದನು. ದೋರ್ಜೆಲೆಯು 1919ರಲ್ಲಿ ಪ್ರಕಟಿಸಿದ ‘ಮರದ ಶಿಲುಬೆಗಳು’ ಎಂಬ ಕಾದಂಬರಿಯನ್ನು ಅವನು ತರಗತಿಯಲ್ಲಿ ಓದುವಾಗ ಜಾಕ್ ಬಿಕ್ಕಿಬಿಕ್ಕಿ ಅಳುತ್ತಾನೆ. ತಾಯಿ ಹೇಳಲಾರದ ಯುದ್ಧವನ್ನು ಪುಸ್ತಕವು ಅವನಿಗೆ ಹೇಳಿತು. ಬಹುಕಾಲದ ಮೇಲೆ ಮುದುಕನಾದ ಗುರುವು ಅದೇ ಪ್ರತಿಯನ್ನು ಶಿಷ್ಯನ ಕೈಗೆ ಕೊಡುತ್ತಾನೆ. ಹುಡುಗನು ಬೇಗ ದುಡಿಯಲೆಂದು ಬಯಸಿದ್ದ ಅಜ್ಜಿಯನ್ನು ಮನೆಗೆ ಬಂದು ಒಪ್ಪಿಸಿ ಅವನನ್ನು ಪ್ರೌಢಶಾಲೆಗೆ ಸೇರಿಸಿದವನೂ ಈತನೇ. ಈ ಪಾತ್ರದ ಮೂಲಪುರುಷನಾದ ಲೂಯಿ ಜೆರ್ಮಾಂ ಎಂಬ ಗುರುವಿಗೆ ನೊಬೆಲ್ ಪಾರಿತೋಷಕವು ಬಂದ ಕೂಡಲೆ, 1957ನೆಯ ನವೆಂಬರ್ 19ರಂದು, ಕಮೂ ಕೃತಜ್ಞತೆಯ ಪತ್ರವೊಂದನ್ನು ಬರೆದನು. ಅದನ್ನೂ ಗ್ರಂಥದ ಕೊನೆಯಲ್ಲಿ ಮುದ್ರಿಸಿದ್ದಾರೆ.

ಎರಡನೆಯದು ತಂದೆಯದೇ ಆದ ಒಂದು ಮಾತು. 1905ರಲ್ಲಿ ಮೊರಾಕ್ಕೋ ದೇಶದಲ್ಲಿ ತಂದೆಯ ಜೊತೆಗೆ ಸಿಪಾಯಿಯಾಗಿದ್ದವನೊಬ್ಬನು ಅದನ್ನು ಮಗನಿಗೆ ತಿಳಿಸುತ್ತಾನೆ. ರಾತ್ರಿಯ ಕಾವಲಿನಲ್ಲಿದ್ದ ಸಂಗಾತಿಯನ್ನು ಶತ್ರುಗಳು ಕತ್ತುಕೊಯ್ದು ಅಂಗಭಂಗ ಮಾಡಿದ್ದುದನ್ನು ಅವರಿಬ್ಬರೂ ಕಾಣುತ್ತಾರೆ. ತಮ್ಮ ನೆಲಕ್ಕಾಗಿ ಕಾದುವವರು ಯಾವ ಉಪಾಯವನ್ನಾದರೂ ಹಿಡಿಯುತ್ತಾರೆಂದು ಸಂಗಡಿಗನು ಸಮಾಧಾನ ಹೇಳುತ್ತಾನೆ. ಅನಾಥಾಲಯದಲ್ಲಿ ಬೆಳೆದು ಹೆಚ್ಚು ಮಾತನಾಡದ ಕೊರ್ಮೆರಿಯು ಅಂದು ಕೆರಳಿ ನುಡಿದುದರ ತಾತ್ಪರ್ಯವಿಷ್ಟೆ: ತನ್ನನ್ನು ತಾನು ತಡೆಹಿಡಿಯಬಲ್ಲವನೇ ಮನುಷ್ಯನು. ಸಿಟ್ಟಿನಲ್ಲಿ ಅವನು ಶತ್ರುವಿನ ಕುಲವನ್ನೇ ಬೈದನೆಂಬುದನ್ನೂ ಕಮೂ ಮುಚ್ಚಿಡುವುದಿಲ್ಲ. ತಂದೆಯನ್ನು ಅವನು ಋಷಿಯನ್ನಾಗಿ ಮಾಡಿಲ್ಲ.

ಈ ಮಾತಿನ ಫಲವನ್ನು ಕಮೂ ಬೇರೊಂದು ಅಧ್ಯಾಯದಲ್ಲಿ ಯಾವ ಟಿಪ್ಪಣಿಯೂ ಇಲ್ಲದೆ ಇಟ್ಟಿದ್ದಾನೆ. ಅಲ್ಜೀರಿಯಾದ ಕೊನೆಯ ಯುದ್ಧದ ಕಾಲ. ಬೀದಿಗಳಲ್ಲಿ ಛತ್ರಿಸೈನಿಕರು ಕಾವಲು ತಿರುಗುತ್ತಿದ್ದಾರೆ. ಮಗನು ತಾಯಿಯ ಮನೆಯಲ್ಲಿರುವಾಗ ಕೆಳಗಿನ ಬೀದಿಯಲ್ಲಿ ಬಾಂಬು ಸಿಡಿಯುತ್ತದೆ. ತಾಯಿ ಬಿಳಿಚಿಕೊಳ್ಳುತ್ತಾಳೆ. ಮಗನು ಓಡಿಹೋಗಿ ನೋಡಿದರೆ ಗಾಯಗೊಂಡವರು ಬಿದ್ದಿದ್ದಾರೆ. ಕೆರಳಿದ ಜನರು ಅಲ್ಲಿದ್ದ ಅರಬನೊಬ್ಬನ ಮೇಲೆ ಏರಿಹೋಗುತ್ತಿದ್ದಾರೆ. ಜಾಕ್ ಅವನನ್ನು ಹಿಡಿದು ಪರಿಚಿತನೊಬ್ಬನ ಕಾಫಿಯಂಗಡಿಯೊಳಗೆ ಸೇರಿಸಿ ಕಾಪಾಡುತ್ತಾನೆ. ತಂದೆಯ ಹೆಸರು ಅಲ್ಲಿ ಬರುವುದಿಲ್ಲ. ಆದರೆ 1905ರ ಮಾತನ್ನೂ ಗಾಡಿಯ ರಾತ್ರಿಯ ಗೋಣಿಚೀಲವನ್ನೂ ನೆನಪಿನಲ್ಲಿಟ್ಟ ಓದುಗನಿಗೆ ಧ್ವನಿಯು ಸ್ಪಷ್ಟವಾಗಿ ಕೇಳಿಸುತ್ತದೆ. ಯುದ್ಧಗಳು ಈ ಮನೆಗೆ ಭೂಮಿಯನ್ನಾಗಲಿ ಕೀರ್ತಿಯನ್ನಾಗಲಿ ತಂದುಕೊಡಲಿಲ್ಲ. ತಂದೆಯಿಂದ ಮಗನಿಗೆ ಇಳಿದು ಬಂದುದು ಕೈಯನ್ನು ತಡೆಹಿಡಿಯುವ ಶಕ್ತಿಯೊಂದೇ. ಬಳಿಕ ಮಗನು ತಾಯಿಯನ್ನು ಫ್ರಾನ್ಸಿಗೆ ಕರೆಯುತ್ತಾನೆ. ತನಗೆ ವಯಸ್ಸಾಯಿತು, ಅಲ್ಲಿ ಚಳಿ, ತನ್ನ ಮನೆಯಲ್ಲಿಯೇ ಇರುವುದಾಗಿ ಆಕೆ ಹೇಳುತ್ತಾಳೆ. ಗಂಡನು ಯಾವ ದೇಶಕ್ಕಾಗಿ ಸತ್ತನೋ ಆ ದೇಶವು ಆಕೆಗೆ ಚಳಿಯ ಪರದೇಶವಾಗಿಯೇ ಉಳಿಯಿತು.

ಗ್ರಂಥದಲ್ಲಿ ದೋಷಗಳಿಲ್ಲದೆ ಇಲ್ಲ. ಪುನರುಕ್ತಿಗಳು, ಉಸಿರು ಕಟ್ಟಿಸುವ ದೀರ್ಘವಾಕ್ಯಗಳು ತಿದ್ದಲು ಅವಕಾಶವಿಲ್ಲದೆ ಹೋದುದರಿಂದ ಕ್ಷಮ್ಯ. 1939ರ ಯುದ್ಧವು ಬರೆದು ಮುಗಿದ ಪುಟಗಳಲ್ಲಿ ಸ್ಥಾನವನ್ನು ಪಡೆಯದಿರುವುದಕ್ಕೂ ಅದೇ ಕಾರಣ. ಆದರೆ ಇನ್ನೊಂದು ಕೊರತೆಯನ್ನು ಅಪೂರ್ಣತೆಯ ಮೇಲೆ ಮಾತ್ರ ಹೊರಿಸುವಂತಿಲ್ಲ. ಅರಬರು ಕಾದಂಬರಿಯ ಉದ್ದಕ್ಕೂ ಇದ್ದಾರೆ; ಬಹುಮಟ್ಟಿಗೆ ಹೆಸರಿಲ್ಲದೆ, ಬೀದಿಯ ನೆರಳಿನಂತೆ. 1914ರಲ್ಲಿ ಅಲ್ಜೀರಿಯಾದ ಮೂಲೆಮೂಲೆಗಳಲ್ಲಿ ಅರಬ ಹಾಗೂ ಫ್ರೆಂಚ್ ಅನಾಥರು ದಿನವೂ ನೂರಾರಾಗಿ ಹುಟ್ಟುತ್ತಿದ್ದರೆಂದು ಕಮೂ ಹೇಳುತ್ತಾನೆ. ಆ ಅರಬ ಅನಾಥನ ಮನೆಯೊಳಕ್ಕೆ ಕಥೆಯು ಒಮ್ಮೆಯೂ ಕಾಲಿಡುವುದಿಲ್ಲ. ಅವನ ತಾಯಿಯ ಬೀರುವಿನಲ್ಲಿಯೂ ಒಂದು ಡಬ್ಬಿ ಇದ್ದಿರಬಹುದಲ್ಲವೆ? ಒಂದು ತಾಯಿಯ ಮೌನವನ್ನು ಇಷ್ಟು ಚೆನ್ನಾಗಿ ಕೇಳಿಸಿಕೊಂಡವನಿಂದ ಇನ್ನೊಂದು ಮೌನವನ್ನೂ ಓದುಗನು ನಿರೀಕ್ಷಿಸಿದರೆ ತಪ್ಪಾಗದು.

ಆದರೂ ಕಮೂ ಸತ್ಯಕ್ಕೆ ಬೆನ್ನು ತಿರುಗಿಸಿದವನಲ್ಲವೆಂಬುದಕ್ಕೆ ಮೊಂದೊವಿಯನ್ನು ಕುರಿತ ಅಧ್ಯಾಯವೇ ಸಾಕ್ಷಿ. 1848ರ ವಲಸೆಗಾರರು ಮಳೆಯಲ್ಲಿ ನೆನೆದು, ಕಾಲರಾದಿಂದ ಸಾಯುತ್ತ, ವೈದ್ಯನ ಸಲಹೆಯಂತೆ ರಕ್ತವು ಬಿಸಿಯಾಗಲೆಂದು ಹೆಣಗಳನ್ನು ಹೂಳುವುದರ ನಡುವೆ ಕುಣಿದ ಭಯಾನಕ ವರ್ಣನೆಯು ಅಲ್ಲಿಯದು. 1871ರ ವಲಸೆಗಾರರಿಗೆ ದೊರೆತುದು ದಂಗೆಯೆದ್ದು ಸತ್ತ ಇಲ್ಲವೆ ಸೆರೆಯಾದ ಅರಬರ ಭೂಮಿಯೆಂದು, ಹಿಂಸೆಗೆ ಒಳಗಾದವರೇ ಹಿಂಸಕರ ಸ್ಥಾನಕ್ಕೆ ಏರಿದರೆಂದು, ಆತನು ನೇರವಾಗಿ ಒಪ್ಪುತ್ತಾನೆ. ಊರನ್ನು ತೆರವು ಮಾಡಬೇಕೆಂಬ ಆಜ್ಞೆ ಬಂದಾಗ ತನ್ನ ದ್ರಾಕ್ಷಿತೋಟವನ್ನು ಹಗಲಿರುಳು ದುಡಿದು ತಾನೇ ಕಿತ್ತುಹಾಕಿದ ಮುದುಕ ಒಕ್ಕಲಿಗನ ಪ್ರಸಂಗದಲ್ಲಿ ಒಂದು ಶತಮಾನದ ತಪ್ಪೂ ಶ್ರಮವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. 1956ನೆಯ ಜನವರಿ 22ರಂದು ಆಲ್ಜಿಯರ್ಸಿನಲ್ಲಿ, ಎರಡು ಪಕ್ಷದವರೂ ನಿರಾಯುಧರನ್ನು ಕೊಲ್ಲದಿರಲೆಂದು ಕಮೂ ಬಹಿರಂಗವಾಗಿ ಬೇಡಿಕೊಂಡನು. ಯಾರೂ ಕಿವಿಗೊಡಲಿಲ್ಲ. ತಂದೆಯ ಮಾತನ್ನೇ ಮಗನು ಸಭೆಯ ಎದುರಿಗೆ ಬೇರೆ ಪದಗಳಲ್ಲಿ ಹೇಳಿದುದೆಂದು ಅದನ್ನು ಈಗ ಅರ್ಥಮಾಡಿಕೊಳ್ಳಬಹುದು.

ಯುದ್ಧದ ರಾಜಕಾರಣವನ್ನು ತಿಳಿಯಬಯಸುವವರಿಗೆ ಬೇರೆ ಗ್ರಂಥಗಳುಂಟು. ಯುದ್ಧವು ಮುಗಿದ ಮೇಲೆಯೂ ಮನೆಯೊಳಗೆ ಎಷ್ಟು ಕಾಲ ಉಳಿಯುತ್ತದೆಂಬುದನ್ನು ತಿಳಿಯಬಯಸುವವರು ಇದನ್ನು ಓದಬೇಕು. ಫ್ರೆಂಚ್ ಬಾರದವರಿಗೆ ಡೇವಿಡ್ ಹ್ಯಾಪ್‌ಗುಡ್ ಎಂಬವನ ಇಂಗ್ಲಿಷ್ ಅನುವಾದವು 1995ರಿಂದ ದೊರೆಯುತ್ತಿದೆ. ಕಮೂವಿನ ತಾಯಿಯು ಮಗನು ಸತ್ತ ಅದೇ ವರ್ಷ, 1960ರ ಸೆಪ್ಟೆಂಬರಿನಲ್ಲಿ, ಆಲ್ಜಿಯರ್ಸಿನಲ್ಲಿಯೇ ತೀರಿಕೊಂಡಳು. ಆಗ ಗ್ರಂಥವು ಇನ್ನೂ ಅಚ್ಚಾಗಿರಲಿಲ್ಲ, ಆ ಯುದ್ಧವೂ ಇನ್ನೂ ಮುಗಿದಿರಲಿಲ್ಲ.